ಭಕ್ಷೀಸು ಉಳಿಸಿದ ಜಾಣರು



ಕಳೆದ ತಿಂಗಳು ಸಂಜಯನಗರದ ನಮ್ಮ ಮನೆಯಲ್ಲಿ ಸತ್ಯನಾರಾಯಣ ಪೂಜೆಯಿತ್ತು. ಊಟ ಮುಗಿದು ಎಲೆ ಅಡಿಕೆಯ ತಟ್ಟೆ ಕೈಯಿಂದ ಕೈಗೆ ದಾಟುತ್ತಿದ್ದ ಹೊತ್ತಿನಲ್ಲಿ ಮಾತು ವಿಹಾರನೌಕೆಯ ಕಡೆಗೆ ಹೊರಳಿತು. ಬಂಧುಗಳಲ್ಲೊಬ್ಬರ ಕುಟುಂಬ ಅಮೆರಿಕಕ್ಕೆ ಹೋಗಿದ್ದಾಗ ಏಳು ರಾತ್ರಿಗಳ ಕ್ರೂಸ್ ಮುಗಿಸಿ ಬಂದಿತ್ತು. ಹಡಗಿನ ಹನ್ನೆರಡೋ ಹದಿಮೂರೋ ಅಂತಸ್ತು, ಈಜುಕೊಳ, ಹೊತ್ತುಹೊತ್ತಿಗೂ ಬಗೆಬಗೆಯ ಭಕ್ಷ್ಯ ಎಲ್ಲದರ ವರ್ಣನೆಯೂ ಆಯಿತು. ಆಮೇಲೆ ಕೊಠಡಿ ನೋಡಿಕೊಳ್ಳುತ್ತಿದ್ದ ಹುಡುಗನ ಪ್ರಸ್ತಾಪ ಬಂತು.

"ಅವನಂತೂ ಹೇಳಿದ್ದನ್ನೆಲ್ಲ ಮಾಡುತ್ತಿದ್ದ ಮಾವ. ದಿನಕ್ಕೆರಡು ಸಲ ಬಂದು ಹಾಸಿಗೆ ಸರಿಮಾಡುತ್ತಿದ್ದ. ಮಕ್ಕಳಿಗೆಂದು ರಾತ್ರಿ ಟವೆಲಿನಲ್ಲಿ ಆನೆ, ಕೋತಿ ಮಾಡಿ ಇಡುತ್ತಿದ್ದ. ಹೊತ್ತಲ್ಲದ ಹೊತ್ತಿನಲ್ಲಿ ಬಿಸಿನೀರು ಕೇಳಿದರೂ ಮುಖ ಗಂಟಿಕ್ಕಲಿಲ್ಲ. ಕೊನೆಗೆ ಬಿಲ್ಲು ನೋಡಿದರೆ ನಾಲ್ವರಿಗೂ ಸೇರಿಸಿ ಟಿಪ್ಸ್ ಎಂದು ಐನೂರು ಡಾಲರ್ ಹಾಕಿದ್ದಾರೆ! ನೇರವಾಗಿ ಕೌಂಟರಿಗೆ ಹೋಗಿ ತೆಗೆಸಿಬಿಟ್ಟೆ. ಐದು ನಿಮಿಷದ ಕೆಲಸ."

ಎಲ್ಲರೂ ನಕ್ಕರು. ನನ್ನಾಕೆ ಮಾತ್ರ, "ಆ ಹುಡುಗನ ಕೈಗಾದರೂ ಏನಾದರೂ ಕೊಟ್ಟೆಯೇನಪ್ಪ?" ಎಂದು ಕೇಳಿದಳು.

"ಇಳಿಯುವ ಗಡಿಬಿಡಿಯಲ್ಲಿ ಮರೆತೇಹೋಯಿತು ಅತ್ತೆ."

ಮತ್ತೆ ನಗು. ನಾನೂ ನಕ್ಕೆ. ಆ ನಗು ಅಂದಿನಿಂದ ನನ್ನನ್ನು ಚುಚ್ಚುತ್ತಿರುವುದರಿಂದ ಈ ಬರಹ. ಇದನ್ನು ಓದಿ ಒಂದಿಬ್ಬರು ನನ್ನೊಡನೆ ಮಾತು ಬಿಟ್ಟಾರು. ಮೂವತ್ತೈದು ವರ್ಷ ಮಕ್ಕಳ ತಪ್ಪನ್ನು ಕೆಂಪು ಶಾಯಿಯಲ್ಲಿ ಗುರುತು ಮಾಡಿದವನು ಮನೆಯವರ ತಪ್ಪಿಗೆ ಮಾತ್ರ ಕಣ್ಣು ಮುಚ್ಚಿಕೊಂಡರೆ ಆ ಶಾಯಿಗೇನು ಬೆಲೆ?

ಟಿಪ್ಸ್ ತೆಗೆಸಿದವರು ಹೇಳುವ ಸಮರ್ಥನೆಗಳು ಸಾಮಾನ್ಯವಾಗಿ ಮೂರು. ಒಂದೊಂದಾಗಿ ಪರಿಶೀಲಿಸೋಣ.

ಮೊದಲನೆಯದು: "ಟಿಕೆಟ್ಟಿಗೆ ಹಣ ಕೊಟ್ಟಾಗಿದೆ; ಸಂಬಳ ಕೊಡುವುದು ಕಂಪನಿಯ ಹೊಣೆ." ಈ ಮಾತಿನ ಉತ್ತರಾರ್ಧವನ್ನು ನಾನು ಸಂಪೂರ್ಣವಾಗಿ ಒಪ್ಪುತ್ತೇನೆ. ದುಡಿದವನ ಕೂಲಿ ದುಡಿಸಿಕೊಂಡವನ ಹೊಣೆಯೇ ಹೌದು. ಆದರೆ ಅಮೆರಿಕದ ಮಾರುಕಟ್ಟೆಯ ದೊಡ್ಡ ಹಡಗು ಕಂಪನಿಗಳು ಟಿಕೆಟ್ಟಿನ ದರವನ್ನು ತಗ್ಗಿಸಿ ತೋರಿಸಿ, ಸಾಧಾರಣ ಕೊಠಡಿಯ ಪ್ರಯಾಣಿಕನೊಬ್ಬನಿಗೆ ದಿನಕ್ಕೆ ಹದಿನಾರರಿಂದ ಇಪ್ಪತ್ತು ಡಾಲರ್‌ನಂತೆ ಟಿಪ್ಸನ್ನು ಬೇರೆಯಾಗಿ ಸೇರಿಸುತ್ತವೆ. ಅದು ಗುಟ್ಟೇನಲ್ಲ, ಮೊದಲೇ ತಿಳಿಸಿರುತ್ತಾರೆ. ಅಂದರೆ ಕೆಲಸದವನ ಕೂಲಿಯ ಒಂದು ಪಾಲನ್ನು ದರದಿಂದ ಹೊರಗೆ ತೆಗೆದಿಟ್ಟಿದ್ದರಿಂದಲೇ ನಿಮ್ಮ ಟಿಕೆಟ್ಟು ಅಗ್ಗವಾಯಿತು. ಆ ಅಗ್ಗದ ದರವನ್ನು ಸಂತೋಷದಿಂದ ಸ್ವೀಕರಿಸಿ, ಕೊನೆಯ ದಿನ ಹೊರಗಿಟ್ಟ ಪಾಲನ್ನೂ ಅಳಿಸಿಹಾಕಿದರೆ ನಷ್ಟವಾಗುವುದು ಕಂಪನಿಗಲ್ಲ. ಕಂಪನಿಯ ಮೇಲಿನ ಸಿಟ್ಟನ್ನು ಹಾಸಿಗೆ ಹಾಸಿದವನ ಜೇಬಿನಿಂದ ವಸೂಲು ಮಾಡಿದಂತಾಯಿತು, ಅಷ್ಟೆ.

ಎರಡನೆಯದು: "ಆ ಹಣ ಅವನಿಗೇ ಸೇರುತ್ತದೆಂದು ಏನು ಖಾತ್ರಿ?" ಸಂದೇಹ ನ್ಯಾಯವಾದುದೇ. ಕೊಠಡಿಯವರು, ಊಟದ ಮನೆಯವರು, ತೆರೆಯ ಹಿಂದೆ ದುಡಿಯುವವರು ಇವರೆಲ್ಲರಿಗೂ ಹಂಚುತ್ತೇವೆಂದು ಕಂಪನಿಗಳು ಹೇಳುತ್ತವೆ. ಹೇಗೆ ಹಂಚುತ್ತಾರೆಂಬುದು ಪ್ರಯಾಣಿಕನ ಕಣ್ಣಿಗೆ ಬೀಳುವುದಿಲ್ಲ. ಸಂದೇಹವಿದ್ದವನು ಬಿಲ್ಲಿನಿಂದ ತೆಗೆಸಿದ ಹಣವನ್ನು ಆ ಹುಡುಗನ ಕೈಯಲ್ಲಿ ತಾನೇ ಇಡಬಹುದಲ್ಲ! ತೆಗೆಸುವಾಗ ನೆನಪಿದ್ದದ್ದು ಕೊಡುವಾಗ ಮರೆತುಹೋದರೆ, ಅದನ್ನು ಸಂದೇಹ ಎನ್ನಲಾಗದು. ಸಂದೇಹದ ವೇಷ ತೊಟ್ಟ ಜಿಪುಣತನ ಎನ್ನಬೇಕು.

ಮೂರನೆಯದು: "ಟಿಪ್ಸ್ ನಮ್ಮ ಸಂಸ್ಕೃತಿಯಲ್ಲ." ಇದನ್ನು ಕೇಳಿದಾಗ ನನಗೆ ನಗು ಬರುತ್ತದೆ. ಭಕ್ಷೀಸು, ಇನಾಮು, ಖುಷಿ ಎಂದು ಅದಕ್ಕೆ ಇಷ್ಟೊಂದು ಹೆಸರಿಟ್ಟುಕೊಂಡಿರುವ ನಾವೇ ಈ ಮಾತು ಹೇಳುವುದೇ? ಮೈಸೂರು ರಾಜ್ಯದಲ್ಲಿ ಇನಾಮು ಭೂಮಿಗಳ ರದ್ದತಿಗಾಗಿ ೧೯೫೪ರಲ್ಲಿ ಕಾಯಿದೆ ಬಂತು. ಭೂಮಿಯ ಇನಾಮು ಹೋಯಿತು, ಮನಸ್ಸಿನ ಇನಾಮು ಹೋಗಲಿಲ್ಲ. ಕೊಡುವವನು ಮೇಲೆ, ಕೈಯೊಡ್ಡುವವನು ಕೆಳಗೆ ಎಂಬ ಭಾವನೆ ನಮ್ಮ ರಕ್ತದಲ್ಲಿದೆ. ನಮ್ಮ ಹಳ್ಳಿಗಳಲ್ಲಿಯೇ ಇನ್ನೊಂದು ಪದವೂ ಇತ್ತು: ಆಯ. ಸುಗ್ಗಿಯಾದಾಗ ಕಣದಲ್ಲಿ ಕಮ್ಮಾರ, ಬಡಗಿ, ಅಗಸ, ತಳವಾರರಿಗೆ ಅಳೆದುಕೊಡುತ್ತಿದ್ದ ಧಾನ್ಯದ ಪಾಲು ಅದು. ಜಾತಿಗೆ ಕಟ್ಟಿಹಾಕಿದ ಆ ವ್ಯವಸ್ಥೆಯನ್ನು ನಾನು ಹೊಗಳುತ್ತಿಲ್ಲ. ಅದರೊಳಗಿನ ಅನ್ಯಾಯವನ್ನು ಕಣ್ಣಾರೆ ಕಂಡವನು ನಾನು. ಆದರೂ ಆಯವನ್ನು ಯಾರೂ ದಾನವೆನ್ನಲಿಲ್ಲ. ಅದು ದುಡಿದವನ ಪಾಲು. ವಿಹಾರನೌಕೆಯ ಬಿಲ್ಲಿನಲ್ಲಿ ಟಿಪ್ಸ್ ಎಂದು ಬರೆದಿದ್ದರೂ ಅದು ವಾಸ್ತವದಲ್ಲಿ ಆಯವೇ. ಹೆಸರು ಕಂಡು ಮೋಸಹೋಗಬಾರದು.

ಈ ವ್ಯವಸ್ಥೆ ಎಲ್ಲಿಂದ ಬಂತೆಂಬುದನ್ನೂ ಸ್ವಲ್ಪ ತಿಳಿದುಕೊಳ್ಳಬೇಕು. ಅಮೆರಿಕದಲ್ಲಿ ೧೮೬೭ರಲ್ಲಿ ಸ್ಥಾಪನೆಯಾದ ಪುಲ್‌ಮನ್ ಕಂಪನಿ ರೈಲುಗಳಲ್ಲಿ ಮಲಗುವ ಬೋಗಿಗಳನ್ನು ನಡೆಸುತ್ತಿತ್ತು. ಹಾಸಿಗೆ ಹಾಸಲು, ಬೂಟಿಗೆ ಹೊಳಪು ಕೊಡಲು, ಸಾಮಾನು ಹೊರಲು ಅದು ನೇಮಿಸಿಕೊಂಡದ್ದು ಗುಲಾಮಗಿರಿಯಿಂದ ಆಗತಾನೆ ಬಿಡುಗಡೆ ಪಡೆದಿದ್ದ ಕಪ್ಪು ಜನರನ್ನು. ಸಂಬಳ ಅತ್ಯಲ್ಪ, ಕೊರತೆಯನ್ನು ಪ್ರಯಾಣಿಕರ ಟಿಪ್ಸಿನಿಂದ ತುಂಬಿಕೊಳ್ಳಬೇಕು. ಪ್ರಯಾಣಿಕರು ಅವರೆಲ್ಲರನ್ನೂ "ಜಾರ್ಜ್" ಎಂದೇ ಕೂಗುತ್ತಿದ್ದರು, ಏಕೆಂದರೆ ಕಂಪನಿಯ ಒಡೆಯನ ಹೆಸರು ಜಾರ್ಜ್ ಪುಲ್‌ಮನ್. ಆಳಿಗೆ ಸ್ವಂತ ಹೆಸರೂ ಇಲ್ಲ, ಸ್ವಂತ ಕೂಲಿಯೂ ಇಲ್ಲ! ೧೯೨೫ರಲ್ಲಿ ಎ. ಫಿಲಿಪ್ ರಾಂಡಾಲ್ಫ್ ಅವರ ನಾಯಕತ್ವದಲ್ಲಿ ಈ ಸೇವಕರು ಸಂಘ ಕಟ್ಟಿದರು. ಹನ್ನೆರಡು ವರ್ಷ ಹೋರಾಡಿ ೧೯೩೭ರಲ್ಲಿ ಕಂಪನಿಯಿಂದ ಒಪ್ಪಂದ ಪಡೆದರು. ತಿಂಗಳಿಗೆ ೪೦೦ ಗಂಟೆಗಳಿದ್ದ ದುಡಿಮೆ ೨೪೦ಕ್ಕೆ ಇಳಿದು, ಸಂಬಳ ಏರಿದ್ದು ಹಾಗೆ. ಯಾವ ಪ್ರಯಾಣಿಕನ ಔದಾರ್ಯದಿಂದಲೂ ಅಲ್ಲ. ಇಷ್ಟಾಗಿಯೂ ಟಿಪ್ಸ್ ಪಡೆಯುವ ಕೆಲಸಗಾರನಿಗೆ ಅಮೆರಿಕದ ಕೇಂದ್ರ ಕಾನೂನು ವಿಧಿಸಿರುವ ಕನಿಷ್ಠ ನಗದು ಕೂಲಿ ೧೯೯೧ರಿಂದ ಇಂದಿನವರೆಗೂ ಗಂಟೆಗೆ ೨.೧೩ ಡಾಲರಿನಲ್ಲಿಯೇ ನಿಂತಿದೆ. ಪರದೇಶದ ಧ್ವಜ ಹಾರಿಸಿಕೊಂಡು ಓಡುವ ವಿಹಾರನೌಕೆಗಳಿಗೆ ಆ ಕಾನೂನೂ ಅನ್ವಯಿಸುವುದಿಲ್ಲ.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಇಂಥದೇ ಹಡಗೊಂದರಲ್ಲಿ ಕ್ಯಾಬಿನ್ ಅಟೆಂಡೆಂಟ್. ರಜೆಗೆ ಬಂದಾಗ ತಪ್ಪದೆ ಬಂದು ಕಾಣುತ್ತಾನೆ. ಲೆಕ್ಕದಲ್ಲಿ ಅಷ್ಟಕ್ಕಷ್ಟೆ, ಅಕ್ಷರ ಮಾತ್ರ ಮುತ್ತು ಪೋಣಿಸಿದಂತೆ. ಎಂಟು ತಿಂಗಳ ಕರಾರು, ಹದಿನೆಂಟು ಕೊಠಡಿ, ದಿನಕ್ಕೆರಡು ಸುತ್ತು, ವಾರದ ರಜೆ ಎಂಬುದಿಲ್ಲ ಎಂದು ಒಮ್ಮೆ ವಿವರಿಸಿದ್ದ. ನಾವಿಕರ ದುಡಿಮೆಯನ್ನು ಕುರಿತು ಅಂತರರಾಷ್ಟ್ರೀಯ ಒಡಂಬಡಿಕೆಯೊಂದಿದೆ. ೨೦೧೩ರಲ್ಲಿ ಜಾರಿಗೆ ಬಂತು, ಭಾರತ ೨೦೧೫ರಲ್ಲಿ ಒಪ್ಪಿತು. ವಾರಕ್ಕೆ ಕೆಲಸ ೭೨ ಗಂಟೆ ಮೀರಬಾರದು, ಅಥವಾ ವಿಶ್ರಾಂತಿ ೭೭ ಗಂಟೆಗೆ ಕಡಮೆಯಾಗಬಾರದು ಎಂಬ ಎರಡು ಮಿತಿಗಳಲ್ಲಿ ಒಂದನ್ನು ಆರಿಸಿಕೊಳ್ಳಲು ಅದು ಅವಕಾಶ ಕೊಡುತ್ತದೆ. ವಾರಕ್ಕೆ ೧೬೮ ಗಂಟೆ. ಅದರಲ್ಲಿ ೭೭ ಕಳೆದರೆ ೯೧. ನಿಮಗೆ ಕಲಿಸಿದ ವ್ಯವಕಲನವೇ.

ಅವನನ್ನು ಕೇಳಿದೆ, "ನಮ್ಮವರು ಹಡಗು ಹತ್ತಿದರೆ ಖುಷಿಯಾಗುತ್ತದೇನಪ್ಪ?"

"ಕನ್ನಡ ಕೇಳಿದರೆ ಖುಷಿಯೇ ಸಾರ್. ಆದರೆ ಜೊತೆಯ ಹುಡುಗರು 'ನಿನ್ನವರು ಬಂದರು, ನೀನೇ ನೋಡಿಕೋ' ಎಂದು ನಗುತ್ತಾರೆ. ಕೆಲಸ ಜಾಸ್ತಿ ಹೇಳುತ್ತಾರೆ, ಕೊನೆಗೆ ಟಿಪ್ಸ್ ತೆಗೆಸುತ್ತಾರೆ ಅಂತ. ಎಲ್ಲರೂ ಹಾಗಲ್ಲ ಸಾರ್. ಹಾಗಲ್ಲವೆಂದು ಅವರಿಗೆ ಹೇಗೆ ತೋರಿಸಲಿ?"

ಈ ಪ್ರಶ್ನೆಗೆ ಮೇಷ್ಟ್ರ ಬಳಿ ಉತ್ತರವಿರಲಿಲ್ಲ. ನನ್ನ ಮನೆಯಲ್ಲೇ ಆ ಪ್ರಶ್ನೆಗೆ ಕಾರಣರಾದವರು ಕುಳಿತಿದ್ದಾರೆಂದು ಆಗ ತಿಳಿದಿರಲಿಲ್ಲ.

ಹಡಗಿನ ಮಾತಾಯಿತು, ಮನೆಯ ಸಮೀಪಕ್ಕೆ ಬರೋಣ. ನಮ್ಮ ಪಕ್ಕದ ಯಶವಂತಪುರದಿಂದ ೨೦೦೮ರಲ್ಲಿ ಹಂಪಿಯ ಕಲ್ಲಿನ ರಥದ ಹೆಸರು ಹೊತ್ತ ಸುವರ್ಣ ರಥ ರೈಲು ಹೊರಟಿತು. ಕದಂಬ, ಹೊಯ್ಸಳ, ರಾಷ್ಟ್ರಕೂಟ ಎಂದು ಬೋಗಿಗಳಿಗೆ ರಾಜವಂಶಗಳ ಹೆಸರು. ನಡುವೆ ನಿಂತುಹೋಗಿ ೨೦೨೪ರ ಡಿಸೆಂಬರಿನಲ್ಲಿ ಮತ್ತೆ ಓಡತೊಡಗಿದಾಗ ಐದು ರಾತ್ರಿಗಳ ಪ್ರವಾಸಕ್ಕೆ ತಲೆಗೆ ಸುಮಾರು ನಾಲ್ಕು ಲಕ್ಷ ರೂಪಾಯಿ. ಹಡಗಿನಂತೆ ಅಲ್ಲಿಯೂ ಕ್ಯಾಬಿನ್, ಅಲ್ಲಿಯೂ ಹಾಸಿಗೆ ಹಾಸುವ ಹುಡುಗರು. ಅರಸರ ಹೆಸರಿನ ಬೋಗಿಯಲ್ಲಿ ಮಲಗಿದ ಮಾತ್ರಕ್ಕೆ ನಾವು ಅರಸರಾಗುವುದಿಲ್ಲ. ಬಾಗಿಲ ಹೊರಗೆ ನಿಂತವನು ಆಳೂ ಆಗುವುದಿಲ್ಲ. ಇಷ್ಟನ್ನು ತಿಳಿದುಕೊಂಡರೆ ಸಾಕು.

ಇನ್ನು ನಮ್ಮ ಕೈಯ ಮೊಬೈಲು. ೨೦೨೫ರ ಮೇ ತಿಂಗಳಲ್ಲಿ ಊಬರ್ ಕಂಪನಿಯ "ಮುಂಗಡ ಟಿಪ್ಸ್" ವಿವಾದವಾಯಿತು: ಬೇಗ ಗಾಡಿ ಬೇಕಿದ್ದರೆ ಹತ್ತುವ ಮೊದಲೇ ಟಿಪ್ಸ್ ಸೇರಿಸಿ ಎಂಬ ಏರ್ಪಾಡು. ಇದು ಅನೈತಿಕವೆಂದು ಕೇಂದ್ರ ಗ್ರಾಹಕ ವ್ಯವಹಾರ ಸಚಿವ, ನಮ್ಮ ಧಾರವಾಡದ ಸಂಸದ ಪ್ರಲ್ಹಾದ ಜೋಶಿಯವರು ಟೀಕಿಸಿದರು. ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ನೋಟೀಸು ಕೊಟ್ಟಿತು. ಅದೇ ಪ್ರಾಧಿಕಾರ ೨೦೨೨ರಲ್ಲಿಯೇ ಹೋಟೆಲಿನವರು ಬಿಲ್ಲಿಗೆ ಸೇವಾಶುಲ್ಕವನ್ನು ತಾವಾಗಿ ಸೇರಿಸಬಾರದೆಂದು ಸೂಚಿಸಿತ್ತು. ದೆಹಲಿ ಉಚ್ಚ ನ್ಯಾಯಾಲಯ ೨೦೨೫ರ ಮಾರ್ಚಿನಲ್ಲಿ ಅದನ್ನು ಎತ್ತಿಹಿಡಿಯಿತು. ಈ ಎರಡನ್ನೂ ನಾನು ಸ್ವಾಗತಿಸುತ್ತೇನೆ. "ಹಾಗಾದರೆ ಹಡಗಿನಲ್ಲಿ ತೆಗೆಸಿದ್ದೂ ಸರಿಯಲ್ಲವೇ ಮೇಷ್ಟ್ರೇ?" ಎಂದು ನೀವು ಕೇಳಬಹುದು. ಅಲ್ಲ. ಬೆಲೆಯೊಳಗೆ ಕೂಲಿ ಸೇರಿರಬೇಕು ಎಂಬುದು ತತ್ತ್ವ. ಆ ತತ್ತ್ವಕ್ಕಾಗಿ ಕಂಪನಿಯೊಡನೆ ಜಗಳವಾಡಿ, ಪತ್ರ ಬರೆಯಿರಿ, ಅಂಥ ಹಡಗನ್ನೇ ಹತ್ತಬೇಡಿ. ಬ್ರಿಟನ್ನಿನ ಪಿ ಅಂಡ್ ಓ ಕಂಪನಿ ೨೦೧೯ರಲ್ಲಿ ತನ್ನ ವಿಹಾರನೌಕೆಗಳಲ್ಲಿ ಈ ದಿನವಹಿ ಶುಲ್ಕವನ್ನು ಕೈಬಿಟ್ಟಿತು, ಮನಸ್ಸಿದ್ದರೆ ಸಾಧ್ಯ. ಜಪಾನಿನಲ್ಲಿ ಟಿಪ್ಸಿನ ರೂಢಿಯೇ ಇಲ್ಲ. ಸೇವೆಗೆ ಕೊರತೆಯೂ ಇಲ್ಲ. ನಮ್ಮ ದರ್ಶಿನಿಗಳಲ್ಲಿ ನಿಂತು ಇಡ್ಲಿ ತಿಂದು ನಾವೇ ತಟ್ಟೆ ಇಟ್ಟು ಬರುವುದಿಲ್ಲವೇ? ಅಲ್ಲಿ ಯಾರೂ ಯಾರಿಗೂ ಸಲಾಮು ಹೊಡೆಯಬೇಕಿಲ್ಲ. ಆದರೆ ಸೇವೆಯನ್ನು ಪೂರ್ತಿ ಪಡೆದ ಮೇಲೆ ಕೌಂಟರಿಗೆ ಓಡುವುದು ತತ್ತ್ವನಿಷ್ಠೆಯಾಗದು. ತತ್ತ್ವಕ್ಕೆ ಬೆಲೆ ತೆರಬೇಕಾದವನು ಅದನ್ನು ಹಿಡಿದವನು. ನಾವು ಆ ಬೆಲೆಯನ್ನು ಬಡವನಿಂದ ತೆರಿಸುತ್ತಿದ್ದೇವೆ.

ಸೇವೆಯ ನಿರೀಕ್ಷೆಯ ವಿಷಯಕ್ಕೂ ಒಂದು ಮಾತು. ಈಗ ಎಲ್ಲರೂ ಎಲ್ಲರಿಗೂ ಅಂಕ ಕೊಡುವ ಕಾಲ. ಐದು ನಕ್ಷತ್ರಗಳಲ್ಲಿ ಒಂದು ಕಡಮೆಯಾದರೆ ಆ ಹುಡುಗನ ಹೊಟ್ಟೆಗೆ ಪೆಟ್ಟು. ನಾನು ಅಂಕ ಕೊಡುವುದನ್ನೇ ವೃತ್ತಿಯಾಗಿ ಮಾಡಿಕೊಂಡಿದ್ದವನು. ಅರ್ಧ ಅಂಕಕ್ಕೂ ಕಾರಣ ಬರೆಯಬೇಕೆಂದು ನಮಗೆ ಹೇಳಿಕೊಟ್ಟಿದ್ದರು. ನೀವು ಕಾರಣ ಬರೆಯುತ್ತೀರೇನು?

ನನ್ನ ತಪ್ಪನ್ನೂ ಹೇಳಿಬಿಡುತ್ತೇನೆ. ಸುಮಾರು ಮೂವತ್ತು ವರ್ಷಗಳ ಹಿಂದಿನ ಶಾಲಾ ಪ್ರವಾಸ. ನಿಮ್ಮಲ್ಲಿ ಕೆಲವರು ಅದರಲ್ಲಿದ್ದಿರಿ. ಯಾತ್ರಾಸ್ಥಳವೊಂದರ ವಸತಿಗೃಹದಲ್ಲಿ ಬೆಳಗಿನ ಬಿಸಿನೀರು ಅರ್ಧ ಗಂಟೆ ತಡವಾಯಿತೆಂದು ರೂಮ್‌ಬಾಯ್‌ನನ್ನು ಗದರಿಸಿ ಮ್ಯಾನೇಜರನಿಗೆ ದೂರು ಹೇಳಿದೆ. ಆತ ನನ್ನೆದುರಿಗೇ ಹುಡುಗನ ಒಂದು ದಿನದ ಸಂಬಳ ಮುರಿದುಕೊಂಡ. ಹುಡುಗನಿಗೆ ನಮ್ಮ ಹತ್ತನೆಯ ತರಗತಿಯವರಷ್ಟೇ ವಯಸ್ಸು. "ಬೇಡ ಬಿಡಿ" ಎಂಬ ಎರಡು ಪದ ಸಾಕಿತ್ತು. ಮೇಷ್ಟ್ರ ಗತ್ತಿನಲ್ಲಿ ನಾನು ಅದನ್ನು ಆಡಲಿಲ್ಲ. ಹೊರಡುವಾಗ ಅದೇ ಹುಡುಗ ನಿಮ್ಮ ಚೀಲಗಳನ್ನು ಹೊತ್ತು ಬಸ್ಸಿಗೆ ಏರಿಸಿದ. ಆ ದಿನ ನಾನು ನಿಮಗೆ ಕಲಿಸಿದ್ದು ಕೆಟ್ಟ ಪಾಠ. ಅದನ್ನು ಮರೆಯಿರೆಂದು ಹೇಳುವುದಿಲ್ಲ, ತಿದ್ದಿಕೊಳ್ಳಿ.

ಕರ್ನಾಟಕ ೨೦೨೫ರಲ್ಲಿ ಗಿಗ್ ಕಾರ್ಮಿಕರಿಗಾಗಿ ಕಾಯಿದೆ ಮಾಡಿದೆ. ಆ್ಯಪ್ ಕಂಪನಿಗಳು ಕೆಲಸಗಾರನಿಗೆ ಕೊಡುವ ಪ್ರತಿ ಸಂದಾಯದ ಮೇಲೆ ಶೇಕಡಾ ೧ರಿಂದ ೫ರವರೆಗೆ ಕ್ಷೇಮನಿಧಿಗೆ ತೆರಬೇಕು. ಇದು ದಾರಿ. ದಯೆಯನ್ನು ಹಕ್ಕಾಗಿ ಮಾಡುವುದು ಕಾನೂನಿನ ಕೆಲಸ. ಅಲ್ಲಿಯವರೆಗೆ ಹಕ್ಕನ್ನು ದಯೆಯೆಂದು ತಿಳಿದು ಕಸಿದುಕೊಳ್ಳದಿರುವುದು ನಮ್ಮ ಕೆಲಸ. ಹಡಗಿನಲ್ಲಿ ಸೇರಿಸಿದ ಹಣವನ್ನು ತೆಗೆಸಬೇಡಿ. ಕೊಠಡಿಯವನ ಹೆಸರು ಕೇಳಿ ಆ ಹೆಸರಿನಿಂದಲೇ ಕರೆಯಿರಿ. ಸಂಜಯನಗರದ ನಮ್ಮ ನಿಮ್ಮ ಮನೆಗಳಲ್ಲಿ ಪಾತ್ರೆ ತೊಳೆಯುವಾಕೆಗೆ ಹಬ್ಬಕ್ಕೊಂದು ಸೀರೆ ಕೊಟ್ಟು ಸಂಬಳ ಏರಿಸುವುದನ್ನು ಮರೆತಿದ್ದರೆ ಇಂದೇ ಏರಿಸಿ. ಈ ಮಾತನ್ನು ನನ್ನ ಮನೆಗೂ ಸೇರಿಸಿಯೇ ಹೇಳುತ್ತಿದ್ದೇನೆ.

ಪೂಜೆಯ ದಿನದ ಆ ಬಂಧುವಿಗೆ ಈ ಬರಹವನ್ನು ಮೊದಲೇ ದೂರವಾಣಿಯಲ್ಲಿ ಓದಿ ಹೇಳಿದೆ. ಬಹಳ ಹೊತ್ತು ಸುಮ್ಮನಿದ್ದು, "ನೀವೂ ನಕ್ಕಿರಲ್ಲ ಮಾವ?" ಎಂದ.

ನಕ್ಕಿದ್ದೆ. ಆ ನಗುವನ್ನು ಇಲ್ಲಿ, ನಿಮ್ಮೆಲ್ಲರ ಎದುರಿಗೆ, ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದೇನೆ.