ಅಟ್ಟದ ಮೇಲಿನ ಓಲೆಗರಿಗಳು

ಮೈಸೂರಿನಲ್ಲಿ 1891ರಲ್ಲಿ ಸ್ಥಾಪಿತವಾಗಿ ಮುಂದೆ ಮೈಸೂರು ವಿಶ್ವವಿದ್ಯಾನಿಲಯದ ಅಂಗವಾದ ಪ್ರಾಚ್ಯ ಪುಸ್ತಕಾಲಯಕ್ಕೆ ತಂಜಾವೂರು ಸೀಮೆಯ ಪಂಡಿತರೊಬ್ಬರು ಒಪ್ಪಿಸಿದ ತಾಳೆಯೋಲೆಯ ಕಟ್ಟಿನಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವನ್ನು ಗುರುತಿಸಿ, 1909ರಲ್ಲಿ ಅದನ್ನು ಮುದ್ರಣಕ್ಕೆ ತಂದ ಆರ್. ಶಾಮಶಾಸ್ತ್ರಿಗಳ ಸಾಧನೆಯು, ಒಂದು ಮನೆಯ ದಾನವೂ ಲೋಕವಿದ್ಯೆಗೆ ಎಂತಹ ಉಪಕಾರವನ್ನೆಸಗಬಲ್ಲದೆಂಬುದಕ್ಕೆ ನಿದರ್ಶನವಾಗಿದೆ.

ಇಂತಹ ದಾನಕ್ಕೆ ತಡಮಾಡುವಂತಿಲ್ಲ: ಚಿತ್ರದುರ್ಗ ಸೀಮೆಯ ಶಿಲಾಶಾಸನಗಳು ಬಿ. ಎಲ್. ರೈಸರ ‘ಎಪಿಗ್ರಾಫಿಯಾ ಕರ್ನಾಟಿಕಾ’ದ 11ನೆಯ ಸಂಪುಟದಲ್ಲಿ ರಕ್ಷಿತವಾಗಿವೆ, ಆದರೆ ಹುಣಸೆಬೀಜದ ಅಂಟನ್ನೂ ಇದ್ದಿಲನ್ನೂ ಸವರಿದ ಬಟ್ಟೆಯ ಮೇಲೆ ಬಳಪದಿಂದ ಬರೆದ ಕಡತವು ಒರೆಸಿದರೆ ಅಳಿಸಿಹೋಗುವಂಥದು.

ಆದುದರಿಂದ, ಆ ಸೀಮೆಯಲ್ಲಿ ಅಡಕೆ ವ್ಯಾಪಾರಕ್ಕೆ ಹೆಸರಾದ ಭೀಮಸಮುದ್ರದಂತಹ ಊರುಗಳ ಹಳೆಯ ಮನೆಗಳಲ್ಲಿ ಕಡತವೋ ಓಲೆಗರಿಯೋ ಉಳಿದಿದ್ದರೆ, ಗೃಹಸ್ಥರು ಅದನ್ನು ರದ್ದಿಗೆ ಹಾಕದೆ ವಿಶ್ವವಿದ್ಯಾನಿಲಯಕ್ಕೆ ತಿಳಿಸಲಿ. ವಿಶ್ವವಿದ್ಯಾನಿಲಯವೂ ಊರಿಗೇ ಬಂದು ಪ್ರತಿಯನ್ನು ತೆಗೆದು, ಮೂಲವನ್ನು ಮನೆಯವರಿಗೆ ಗೌರವದಿಂದ ಮರಳಿಸಲಿ.