ಮೂಲಪುರುಷನ ಹೆಸರು

ನದೀಮೂಲವನ್ನೂ ಋಷಿಮೂಲವನ್ನೂ ಹುಡುಕಬಾರದೆಂದು ನಮ್ಮ ಹಿರಿಯರು ಹೇಳಿದ್ದಾರೆ. ಕೆನಡಾದ ಕ್ವಿಬೆಕ್ ಪ್ರಾಂತದ ಫ್ರೆಂಚ್ ಭಾಷಿಕರಿಗೆ ಈ ಮಾತು ರುಚಿಸಲಾರದು. ಹದಿನೇಳನೆಯ ಶತಮಾನದಲ್ಲಿ ಫ್ರಾನ್ಸಿನಿಂದ ಹಡಗೇರಿ ಬಂದ ಮೂಲಪುರುಷನನ್ನು ಗುರುತಿಸುವುದು ಅಲ್ಲಿ ಅನೇಕರಿಗೆ ಬಹು ಪ್ರಿಯವಾದ ಹವ್ಯಾಸ. ಅದಕ್ಕೆ ಅನುಕೂಲವೂ ಇದೆ. 1666ರಲ್ಲಿ ಝಾನ್ ತಾಲೋನ್ ನಡೆಸಿದ ಜನಗಣತಿಯಲ್ಲಿ ಲೆಕ್ಕಕ್ಕೆ ಸಿಕ್ಕ ವಲಸೆಗಾರರು 3215 ಮಂದಿ ಮಾತ್ರ. ಅವರ ಜ್ಞಾನಸ್ನಾನ, ಮದುವೆ, ಶವಸಂಸ್ಕಾರಗಳನ್ನು ಇಗರ್ಜಿಯ ಪಾದ್ರಿಗಳು ಬರೆದಿಟ್ಟರು. ಆ ದಾಖಲೆಗಳಿಗೆ ಎರಡು ಪ್ರತಿಗಳಿರಬೇಕೆಂದು 1667ರ ಫ್ರೆಂಚ್ ರಾಜಾಜ್ಞೆ ವಿಧಿಸಿತು. 1871ರಿಂದ 1890ರವರೆಗೆ ಸಿಪ್ರಿಯಾನ್ ತಾಂಗೆ ಎಂಬ ಪಾದ್ರಿ ಈ ಕಡತಗಳನ್ನು ಶೋಧಿಸಿ ಏಳು ಸಂಪುಟಗಳ ವಂಶಾವಳಿ ಕೋಶವನ್ನೇ ಪ್ರಕಟಿಸಿದರು.

ಇಷ್ಟೆಲ್ಲ ಇದ್ದರೂ ಕುಲನಾಮವೊಂದನ್ನೇ ನಂಬಿ ಹೊರಟವನು ದಾರಿ ತಪ್ಪುವುದು ಖಂಡಿತ. 1665ರಲ್ಲಿ ಕಾರಿಞ್ಞಾನ್-ಸಾಲಿಯೇರ್ ದಳದ ಸುಮಾರು 1200 ಸೈನಿಕರು ಅಲ್ಲಿಗೆ ಬಂದರು. ಅವರಲ್ಲಿ ಸುಮಾರು 400 ಮಂದಿ ಅಲ್ಲಿಯೇ ನೆಲೆಸಿದರು. ಸೈನಿಕರಿಗೆ ಅಡ್ಡಹೆಸರುಗಳಿರುವುದು ವಾಡಿಕೆ. ಒಬ್ಬ ಲಾಫ್ಲೂರ್, ಅಂದರೆ ಹೂವು. ಇನ್ನೊಬ್ಬ ಸಾನ್‌ಸೂಸಿ, ಅಂದರೆ ನಿಶ್ಚಿಂತ. ಮೂಲ ಕುಲನಾಮಕ್ಕೂ ಅಡ್ಡಹೆಸರಿಗೂ ನಡುವೆ 'ದಿ' ಎಂಬ ಪದವನ್ನು ಬರೆಯುತ್ತಿದ್ದರು. ನಮ್ಮ ಕಾಗದಪತ್ರಗಳಲ್ಲಿ 'ಉರುಫ್' ಎಂದು ಬರೆಯುವಂತೆ. ಸೈನಿಕರಲ್ಲದವರಿಗೂ ಊರಿನಿಂದಲೋ ಜಮೀನಿನಿಂದಲೋ ಇಂಥ ಹೆಸರುಗಳು ಬಂದವು. ಮುಂದೆ ಒಬ್ಬ ಮಗ ಮೊದಲ ಹೆಸರನ್ನೂ ಇನ್ನೊಬ್ಬ ಎರಡನೆಯದನ್ನೂ ಉಳಿಸಿಕೊಂಡದ್ದುಂಟು. ಒಡಹುಟ್ಟಿದವರ ಸಂತತಿಗೆ ಬೇರೆ ಬೇರೆ ಹೆಸರು, ಸಂಬಂಧವೇ ಇಲ್ಲದವರಿಗೆ ಒಂದೇ ಹೆಸರು! ಹುಡುಗರಿಗೆ ಝೋಸೆಫ್ ಎಂದೂ ಹುಡುಗಿಯರಿಗೆ ಮಾರಿ ಎಂದೂ ಮೊದಲು ಸೇರಿಸಿ, ಕರೆಯುವ ಹೆಸರನ್ನು ಅನಂತರ ಇಡುವ ಪದ್ಧತಿ ಬೆಳೆದ ಮೇಲಂತೂ ಈ ಗೊಂದಲ ಇಮ್ಮಡಿಯಾಯಿತು.

ಈ ತೊಡಕಿನಿಂದ ಪಾರುಗಾಣಿಸುವವಳು ಹೆಣ್ಣು. ಆ ದಾಖಲೆಗಳಲ್ಲಿ ಸ್ತ್ರೀಯು ಮದುವೆಯಾದರೂ ವಿಧವೆಯಾದರೂ ತವರಿನ ಹೆಸರಿನಿಂದಲೇ ಗುರುತಾಗುತ್ತಾಳೆ. 1663ರಿಂದ 1673ರವರೆಗೆ ರಾಜನ ಖರ್ಚಿನಲ್ಲಿ ಬಂದ, 'ರಾಜಪುತ್ರಿಯರು' ಎಂದು ಕರೆಯಲ್ಪಟ್ಟ ಸುಮಾರು 800 ಸ್ತ್ರೀಯರಲ್ಲಿ ಅನೇಕರು ಬಡವರು, ಅನಾಥರು. ಆದರೂ ಅವರ ಹೆಸರು ಗಂಡನ ಹೆಸರಿನಲ್ಲಿ ಕರಗಿಹೋಗಲಿಲ್ಲ. ಗಂಡನಿಗೆ ಎಷ್ಟು ಅಡ್ಡಹೆಸರುಗಳಿದ್ದರೂ ಹೆಂಡತಿ ಯಾರೆಂದು ತಿಳಿದರೆ ಮನೆ ಸಿಕ್ಕುತ್ತದೆ. ಹೀಗಿರುವಾಗ ವಂಶವೃಕ್ಷಕ್ಕೆ ತಂದೆಯ ಹೆಸರೊಂದನ್ನೇ ಕಾಂಡವಾಗಿಸಿ ತಾಯಂದಿರನ್ನು ಎಲೆಗಳಂತೆ ಅಂಚಿಗೆ ಅಂಟಿಸುವುದು ಕೃತಘ್ನತೆ ಮಾತ್ರವಲ್ಲ, ಅಶಾಸ್ತ್ರೀಯವೂ ಹೌದು ಎಂಬುದು ನನ್ನ ಅಭಿಪ್ರಾಯ.

ಇನ್ನೊಂದು ಮಾತನ್ನು ಹೇಳದೆ ಈ ವಿಷಯವನ್ನು ಮುಗಿಸುವುದು ನ್ಯಾಯವಲ್ಲ. ಅದೇ ಪುಸ್ತಕಗಳಲ್ಲಿ ಗುಲಾಮರೂ ಇದ್ದಾರೆ. ಇತಿಹಾಸಕಾರ ಮಾರ್ಸೆಲ್ ತ್ರುದೆಲ್ ಇಂಥ ದಾಖಲೆಗಳಿಂದ ಸುಮಾರು 4200 ಗುಲಾಮರನ್ನು ಗುರುತಿಸಿದರು. ಅವರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಆ ಖಂಡದ ಮೂಲನಿವಾಸಿಗಳು. ಅವರನ್ನು 'ಪಾನಿ' ಎಂದು ಕರೆಯುತ್ತಿದ್ದರು. ಜ್ಞಾನಸ್ನಾನದಲ್ಲಿ ಕೊಟ್ಟ ಒಂದು ಕ್ರೈಸ್ತ ನಾಮ, ಒಡೆಯನ ಹೆಸರು, ಅಂದಾಜಿನ ವಯಸ್ಸು — ಅನೇಕರ ವಿಷಯದಲ್ಲಿ ದಾಖಲೆ ಇಷ್ಟಕ್ಕೇ ನಿಲ್ಲುತ್ತದೆ. ತಂದೆತಾಯಿಗಳು ಅವಳನ್ನು ಏನೆಂದು ಕರೆದಿದ್ದರೋ ಪಾದ್ರಿ ಕೇಳಲಿಲ್ಲ. ಇಂಥವರಲ್ಲಿ ಕೆಲವರು ಫ್ರೆಂಚರನ್ನೇ ಮದುವೆಯಾದರು. ಆದುದರಿಂದ ಹಡಗಿನಿಂದಿಳಿದ ಅಜ್ಜನನ್ನು ಅರಸುತ್ತ ಹೋದವನಿಗೆ ತನ್ನ ವಂಶದಲ್ಲೇ, ಯಾವ ಹಡಗನ್ನೂ ಏರದ ಅಜ್ಜಿಯೊಬ್ಬಳು ಎದುರಾಗಬಹುದು.

ಆಗ ಅವನು ಪುಸ್ತಕ ಮುಚ್ಚಿ ಎದ್ದುಬಿಟ್ಟರೆ, ಅವನು ಹುಡುಕುತ್ತಿದ್ದುದು ಪೂರ್ವಜರನ್ನಲ್ಲ, ತನ್ನ ಪ್ರತಿಷ್ಠೆಯನ್ನು. ಋಷಿಮೂಲ ಹುಡುಕಬಾರದೆಂದ ನಮ್ಮ ಹಿರಿಯರೂ ಬಹುಶಃ ಇಂಥ ಮುಜುಗರಕ್ಕೇ ಅಂಜಿರಬೇಕು. ನಾನಾದರೋ ಹುಡುಕಲಿ ಎನ್ನುತ್ತೇನೆ. ಆದರೆ ಸಿಕ್ಕಿದವರೆಲ್ಲರನ್ನೂ ತನ್ನವರೆಂದು ಬರೆದುಕೊಳ್ಳುವ ಧೈರ್ಯವಿದ್ದವನು ಮಾತ್ರ ಹುಡುಕಲಿ.