ಗಾಯಕ್ಕೂ ಅಂತಸ್ತುಂಟು

ಪ್ರತಿವರ್ಷ ಆಗಸ್ಟ್ ಕೊನೆಯಲ್ಲಿ ಅಮೆರಿಕದ ನ್ಯಾಷನಲ್ ಫುಟ್‌ಬಾಲ್ ಲೀಗಿನಲ್ಲಿ, ಅಂದರೆ ಎನ್‌ಎಫ್‌ಎಲ್‌ನಲ್ಲಿ, ಒಂದು ಸಾಮೂಹಿಕ ವಜಾ ನಡೆಯುತ್ತದೆ. ಅಲ್ಲಿನ 32 ತಂಡಗಳು ಬೇಸಿಗೆಯಲ್ಲಿ ತಲಾ 90 ಆಟಗಾರರನ್ನು ಕೂಡಿಹಾಕಿಕೊಂಡು ಶಿಬಿರ ನಡೆಸುತ್ತವೆ. ಗೊತ್ತುಪಡಿಸಿದ ಮಂಗಳವಾರ ಸಂಜೆ 4 ಗಂಟೆಯೊಳಗೆ ಆ 90 ಮಂದಿ 53 ಆಗಬೇಕು. 2025ರಲ್ಲಿ ಆ ದಿನ ಆಗಸ್ಟ್ 26. ತಂಡಕ್ಕೆ 37 ಜನರಂತೆ ಲೆಕ್ಕ ಹಾಕಿದರೆ ಹೆಚ್ಚೂಕಡಿಮೆ 1,200 ಜನ ಪಟ್ಟಿಯಿಂದ ಹೊರಬೀಳುತ್ತಾರೆ. ಕ್ರೀಡಾ ವಾಹಿನಿಗಳು ಇದನ್ನು ಪ್ರತಿಭೆಯ ಅಂತಿಮ ಪರೀಕ್ಷೆ ಎಂಬಂತೆ ತೋರಿಸುತ್ತವೆ. ಗೆದ್ದವರು ಉಳಿದರು, ಸೋತವರು ಹೋದರು, ಆಟವೆಂದರೆ ಇಷ್ಟೇ ತಾನೆ ಎನ್ನುವ ಧಾಟಿ.

ಈ ಧಾಟಿಯಲ್ಲಿ ಅರ್ಧ ಸುಳ್ಳಿದೆ ಎಂಬುದು ನನ್ನ ತಕರಾರು. ಆ ದಿನ ಅಳೆಯುವುದು ಪ್ರತಿಭೆಯನ್ನಷ್ಟೇ ಅಲ್ಲ. ಯಾರಿಗಾಗಿ ಕಾಯಬಹುದು, ಯಾರಿಗಾಗಿ ಕಾಯುವ ಅಗತ್ಯವಿಲ್ಲ ಎಂಬುದನ್ನೂ ಅಳೆಯುತ್ತಾರೆ. ಈ ಎರಡನೆಯ ಅಳತೆಯಲ್ಲಿ ಕುಳ್ಳಗಿರುವವನು, ಹಗುರಾಗಿರುವವನು, ಹೆಸರಿಲ್ಲದವನು ಮೊದಲೇ ಸೋತಿರುತ್ತಾನೆ. ಅವನಿಗೆ ಗಾಯವಾಯಿತೋ, ಕಥೆ ಮುಗಿಯಿತು.

ಫುಟ್‌ಬಾಲ್ ಎಂದರೆ ನಮಗೆ ಕಣ್ಮುಂದೆ ಬರುವುದು ಕಾಲಲ್ಲಿ ಒದೆಯುವ ದುಂಡು ಚೆಂಡು. ಅಮೆರಿಕದವರದು ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ, ಮೈಗೆ ಮೈ ಡಿಕ್ಕಿ ಹೊಡೆಯುವ ಆಟ. ಅದರಲ್ಲಿ ‘ಟೈಟ್ ಎಂಡ್’ ಎಂಬ ಒಂದು ಸ್ಥಾನವಿದೆ. ಸಾಲಿನ ತುದಿಯಲ್ಲಿ ನಿಲ್ಲುವ ಈ ಆಟಗಾರನಿಗೆ ಎರಡು ಕೆಲಸ. ಒಮ್ಮೆ ಎದುರಾಳಿ ತಂಡದ 120 ಕಿಲೋ ದಾಟಿದ ಆಸಾಮಿಯನ್ನು ತಡೆದು ನಿಲ್ಲಿಸಬೇಕು. ಇನ್ನೊಮ್ಮೆ ತಪ್ಪಿಸಿಕೊಂಡು ಓಡಿ ಚೆಂಡು ಹಿಡಿಯಬೇಕು. ಗೋಡೆಯೂ ಆಗಬೇಕು, ಜಿಂಕೆಯೂ ಆಗಬೇಕು. ಹಾಗಾಗಿ ತಂಡಗಳು ಹುಡುಕುವುದು ಆರಡಿ ನಾಲ್ಕಂಗುಲಕ್ಕೆ ಕಡಿಮೆಯಿಲ್ಲದ, 113 ಕಿಲೋ ಆಸುಪಾಸಿನ ಆಳನ್ನು. ಆರಡಿ ಒಂದಂಗುಲದ, 105 ಕಿಲೋದ ಹುಡುಗ ಬಂದರೆ ಅವನದು ಅತ್ತ ದರಿ ಇತ್ತ ಪುಲಿ. ದೂರ ಓಡಿ ಚೆಂಡು ಹಿಡಿಯುವ ‘ವೈಡ್ ರಿಸೀವರ್’ ಆಗಲು ವೇಗ ಸಾಲದು, ಟೈಟ್ ಎಂಡ್ ಆಗಲು ಗಾತ್ರ ಸಾಲದು.

ಗಾತ್ರದ ಮಾತು ಪೂರ್ತಿ ಪೊಳ್ಳೇನೂ ಅಲ್ಲ. ಡಿಕ್ಕಿಯಲ್ಲಿ ತೂಕ ಲೆಕ್ಕಕ್ಕೆ ಬರುತ್ತದೆ. ಆದರೆ ಮೂರ್ತಿ ಚಿಕ್ಕದಾದರೂ ಕೀರ್ತಿ ದೊಡ್ಡದು ಎನ್ನಲು ಇದೇ ಸ್ಥಾನದಲ್ಲಿ ಸಾಕ್ಷಿಗಳಿವೆ. ಶ್ಯಾನನ್ ಶಾರ್ಪ್ ಸವಾನಾ ಸ್ಟೇಟ್ ಎಂಬ ಸಣ್ಣ ಕಾಲೇಜಿನಿಂದ ಬಂದವನು. 1990ರ ಆಯ್ಕೆಯಲ್ಲಿ ಏಳನೆಯ ಸುತ್ತಿನವರೆಗೂ ಯಾರಿಗೂ ಬೇಡವಾಗಿ, 192ನೆಯವನಾಗಿ ಡೆನ್ವರ್ ತಂಡಕ್ಕೆ ಸಿಕ್ಕ. ತೂಕ ಸುಮಾರು 104 ಕಿಲೋ. ಅವನು ಮೂರು ಸೂಪರ್ ಬೌಲ್ ಗೆದ್ದ, 10,000 ಗಜ ದಾಟಿದ ಮೊದಲ ಟೈಟ್ ಎಂಡ್ ಆದ, 2011ರಲ್ಲಿ ‘ಹಾಲ್ ಆಫ್ ಫೇಮ್’ ಸೇರಿದ.

ಡೆಲಾನಿ ವಾಕರ್‌ನ ಕಥೆ ಇನ್ನೂ ಹೇಳುವಂಥದ್ದು. 2006ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ತಂಡ ಇಬ್ಬರು ಟೈಟ್ ಎಂಡ್‌ಗಳನ್ನು ಆರಿಸಿಕೊಂಡಿತು. ಆರನೆಯ ಸ್ಥಾನದಲ್ಲಿ ವರ್ನನ್ ಡೇವಿಸ್, 175ನೆಯ ಸ್ಥಾನದಲ್ಲಿ ವಾಕರ್. ಕಾಲೇಜಿನಲ್ಲಿ ರಿಸೀವರ್ ಆಗಿದ್ದ, ಈ ಸ್ಥಾನದವರ ನಡುವೆ ಕುಳ್ಳನೆನಿಸುವ ವಾಕರ್ ಏಳು ವರ್ಷ ಡೇವಿಸ್‌ನ ನೆರಳಲ್ಲೇ ಆಡಿದ. ತಡೆಯುವ ಕೆಲಸ ಕಲಿತ, ಯಾರಿಗೂ ಬೇಡವಾದ ಕೆಲಸಗಳನ್ನೂ ಮಾಡಿದ. 2013ರಲ್ಲಿ ಟೆನ್ನೆಸೀ ತಂಡಕ್ಕೆ ಹೋದ. 2015ರಲ್ಲಿ, 31ನೆಯ ವಯಸ್ಸಿನಲ್ಲಿ, ಒಂದೇ ಋತುವಿನಲ್ಲಿ 94 ಸಲ ಚೆಂಡು ಹಿಡಿದು 1,088 ಗಜ ಗಳಿಸಿದ. ಅಲ್ಲಿಂದ ಸತತ ಮೂರು ವರ್ಷ ಲೀಗಿನ ಅತ್ಯುತ್ತಮರ ಸಾಲಿನಲ್ಲಿ ಅವನ ಹೆಸರಿತ್ತು.

ವಾಕರ್ ಮೈ ಬೆಳೆಸಿಕೊಂಡು ದೊಡ್ಡವನಾಗಲಿಲ್ಲ. ಅವನಿಗೆ ಸಿಕ್ಕಿದ್ದು ಸಮಯ. ಚಿಕ್ಕ ಮೈಯವನು ಕೋನ, ಹೆಜ್ಜೆ, ಕೈಚಳಕ ಕಲಿಯಬೇಕು. ಅದಕ್ಕೆ ವರ್ಷಗಳೇ ಬೇಕು. ದೈತ್ಯನಿಗೆ ಅವನ ದೇಹವೇ ಶಿಫಾರಸು ಪತ್ರ. ಕುಳ್ಳನ ಶಿಫಾರಸು ಪತ್ರವೆಂದರೆ ಅವನು ಆಡಿ ತೋರಿಸಿದ ಆಟ, ಬೇರೆ ಯಾವುದೂ ಇಲ್ಲ.

ಈಗ ಆಡಿ ತೋರಿಸಲು ಎಷ್ಟು ಜಾಗವಿದೆ ನೋಡಿ. 2021ರಲ್ಲಿ ಲೀಗ್ ತನ್ನ ಋತುವನ್ನು 16 ಪಂದ್ಯಗಳಿಂದ 17ಕ್ಕೆ ಏರಿಸಿತು, ಜೊತೆಗೆ ಆಗಸ್ಟಿನ ಪೂರ್ವಭಾವಿ ಪಂದ್ಯಗಳನ್ನು ನಾಲ್ಕರಿಂದ ಮೂರಕ್ಕೆ ಇಳಿಸಿತು. ಟಿಕೆಟ್ ಮಾರಾಟಕ್ಕೆ, ಟಿವಿಗೆ ಒಂದು ಪಂದ್ಯ ಹೆಚ್ಚಾಯಿತು. ಹೆಸರಿಲ್ಲದವನಿಗೆ ಒಂದು ಪಂದ್ಯ ಕಡಿಮೆಯಾಯಿತು. ಉಳಿದ ಮೂರು ಪಂದ್ಯಗಳಲ್ಲೂ ಅವನಿಗೆ ಸಿಗುವುದು ತಾರೆಗಳೆಲ್ಲ ಬೆಂಚಿಗೆ ಹೋದ ಮೇಲಿನ ಕೊನೆಯ ನಿಮಿಷಗಳು. ಮೊದಲ ಪಂದ್ಯದಲ್ಲೇ ತೊಡೆಯ ಹಿಂಭಾಗದ ಸ್ನಾಯು ಹರಿದರೆ ಆಗಸ್ಟ್ ಅಲ್ಲಿಗೇ ಮುಗಿಯಿತು. ಮೂರು ವಾರದಲ್ಲಿ ಮಾಯುವ ಗಾಯ ಮೂರು ವಾರದ ಪರೀಕ್ಷೆಯನ್ನೇ ನುಂಗಿಬಿಡುತ್ತದೆ.

ಹೀಗೆ ಬಿದ್ದವರನ್ನು ಕಾಪಾಡಲೆಂದೇ ಇರುವುದು ‘ಇಂಜುರ್ಡ್ ರಿಸರ್ವ್’ ಎಂಬ ಪಟ್ಟಿ. ಹೆಸರು ಕೇಳಿದರೆ ಯಾವುದೋ ಆರೋಗ್ಯಧಾಮ ಎನ್ನಿಸಬೇಕು. ಗಾಯಗೊಂಡವನನ್ನು ಇದಕ್ಕೆ ಸೇರಿಸಿದರೆ ಅವನು 53ರ ಲೆಕ್ಕದಿಂದ ಹೊರಗಾಗುತ್ತಾನೆ, ತಂಡ ಅವನ ಜಾಗಕ್ಕೆ ಇನ್ನೊಬ್ಬನನ್ನು ತರಬಹುದು. 2012ರವರೆಗೆ ಈ ಪಟ್ಟಿ ಸೇರಿದವನು ಆ ವರ್ಷ ಮತ್ತೆ ಮೈದಾನಕ್ಕಿಳಿಯುವಂತಿರಲಿಲ್ಲ. ಆ ವರ್ಷ ಒಬ್ಬನಿಗೆ ಮರಳುವ ಅವಕಾಶ ಬಂತು, 2017ರಲ್ಲಿ ಇಬ್ಬರಿಗೆ. 2020ರಲ್ಲಿ ಕೋವಿಡ್ ಬಂದಾಗ ಮಿತಿಯನ್ನೇ ತೆಗೆದುಹಾಕಿದರು. ಮೂರು ವಾರ ಕಳೆದರೆ ಯಾರು ಬೇಕಾದರೂ ಮರಳಬಹುದಿತ್ತು. 2022ರಲ್ಲಿ ಮತ್ತೆ ಬೇಲಿ ಹಾಕಿ ತಂಡಕ್ಕೆ ಎಂಟು ಮರಳುವಿಕೆ, ಕನಿಷ್ಠ ನಾಲ್ಕು ಪಂದ್ಯ ಹೊರಗೆ ಎಂದು ಗೊತ್ತುಮಾಡಿದರು.

ಈ ಎಂಟು ಅವಕಾಶವೂ ಒಂದು ಷರತ್ತಿಗೆ ಒಳಪಟ್ಟಿತ್ತು. ಮರಳಬೇಕಾದವನು ಮೊದಲು 53ರ ಪಟ್ಟಿಯಲ್ಲಿ ಉಳಿದು, ಆಮೇಲೆ ಗಾಯದ ಪಟ್ಟಿಗೆ ಹೋಗಬೇಕಿತ್ತು. 2024ರಲ್ಲಿ ಇದನ್ನು ಸಡಿಲಿಸಿ, ಕಡಿತದ ದಿನವೇ ಇಬ್ಬರನ್ನು ಮರಳುವ ಹಕ್ಕಿನೊಂದಿಗೆ ನೇರವಾಗಿ ಗಾಯದ ಪಟ್ಟಿಗೆ ಸೇರಿಸಬಹುದು ಎಂದರು. ಇದನ್ನು ಕರುಣೆಯ ಸುಧಾರಣೆ ಎಂದು ಹೊಗಳಿದವರಿದ್ದಾರೆ. 90 ಜನರ ಶಿಬಿರದಲ್ಲಿ ಎರಡು ಕುರ್ಚಿ. ಆ ಕುರ್ಚಿಗಳು ಯಾರಿಗೆ ಹೋಗುತ್ತವೆ? ಅಕ್ಟೋಬರಿನಲ್ಲಿ ಬೇಕೇಬೇಕು ಎಂದು ತಂಡ ಆಗಲೇ ತೀರ್ಮಾನಿಸಿಕೊಂಡಿರುವ ಆಟಗಾರನಿಗೆ. 105 ಕಿಲೋದ ನಾಲ್ಕನೆಯ ಟೈಟ್ ಎಂಡ್‌ಗಲ್ಲ.

ಅವನ ದಾರಿಯೇ ಬೇರೆ. ಅನುಭವ ಕಡಿಮೆಯಿರುವ ಆಟಗಾರ ಗಾಯಗೊಂಡರೆ ಅವನನ್ನು ‘ಗಾಯದೊಂದಿಗೆ ಬಿಡುಗಡೆ’ ಎಂದು ಹರಾಜಿಗಿಟ್ಟಂತೆ ಘೋಷಿಸುತ್ತಾರೆ. ಉಳಿದ 31 ತಂಡಗಳಲ್ಲಿ ಯಾರು ಬೇಕಾದರೂ ಎತ್ತಿಕೊಳ್ಳಬಹುದು. ಕುಂಟುತ್ತಿರುವ ಅನಾಮಧೇಯನನ್ನು ಎತ್ತಿಕೊಳ್ಳುವವರು ವಿರಳ. ಯಾರೂ ಕೇಳದಿದ್ದರೆ ಹಳೆಯ ತಂಡದ ಗಾಯದ ಪಟ್ಟಿಗೇ ಬಂದು ಬೀಳುತ್ತಾನೆ, ಮರಳುವ ಹಕ್ಕಿಲ್ಲದೆ. ಅಲ್ಲಿ ಇದ್ದರೆ ಇಡೀ ವರ್ಷ ಹೋಯಿತು. ಅವನಂಥವರ ಕರಾರುಗಳು ಸಾಮಾನ್ಯವಾಗಿ ಇಬ್ಬಗೆಯವು. ಗಾಯದ ಪಟ್ಟಿಗೆ ಹೋದರೆ ಸಂಬಳ ಇಳಿಯುತ್ತದೆ. ಬೇಡವೆಂದರೆ ‘ಗಾಯದ ಇತ್ಯರ್ಥ’ ಎಂಬ ಒಪ್ಪಂದಕ್ಕೆ ಸಹಿ ಹಾಕಿ, ಗುಣವಾಗಲು ಬೇಕಾಗುವ ಇಷ್ಟು ವಾರದ ಹಣ ತೆಗೆದುಕೊಂಡು ಬಾಗಿಲು ದಾಟಬೇಕು. ಆಟಕ್ಕಾಗಿ ಮೈಮುರಿದುಕೊಂಡವನಿಗೆ ಇದು ಗಾಯದ ಮೇಲೆ ಬರೆ.

ಅದೇ ಗಾಯ ದೊಡ್ಡ ಹೆಸರಿಗೆ ಆದರೆ ಏನಾಗುತ್ತದೆ ಎಂಬುದಕ್ಕೂ ವಾಕರ್‌ನೇ ಉದಾಹರಣೆ. 2018ರ ಋತುವಿನ ಮೊದಲ ಪಂದ್ಯದಲ್ಲೇ ಅವನ ಪಾದದ ಕೀಲು ಮುರಿಯಿತು. ಆಗ ಅವನಿಗೆ 34 ವರ್ಷ. ಗಾಯದ ಪಟ್ಟಿಗೆ ಹೋದ, ಇಡೀ ವರ್ಷ ಆಡಲಿಲ್ಲ. ತಂಡ ಕಾಯಿತು; 2019ರಲ್ಲಿ ಮತ್ತೆ ಅದೇ ಅಂಗಿ ತೊಟ್ಟು ಆಡಿದ. ತಂಡ ಮಾಡಿದ್ದು ಸರಿ. ಅಂದರೆ ಕಾಯಲು ಬಾರದು ಎಂದೇನಿಲ್ಲ, ಇವರಿಗೆ ಕಾಯುವುದು ಚೆನ್ನಾಗಿಯೇ ಗೊತ್ತು. ಆ ಕಾಯುವಿಕೆ 22 ವರ್ಷದ ಅನಾಮಧೇಯನಿಗೂ ಯಾಕೆ ಸಲ್ಲಬಾರದು?

ಇದಕ್ಕೆ ಮೂರು ಉತ್ತರ ಸಿದ್ಧವಾಗಿರುತ್ತವೆ. ಮೊದಲನೆಯದು, ಲಕ್ಷಗಟ್ಟಲೆ ಡಾಲರ್ ಎಣಿಸುವವರಿಗಾಗಿ ಏಕೆ ಕಣ್ಣೀರು ಎಂಬುದು. 2025ರಲ್ಲಿ ಹೊಸ ಆಟಗಾರನ ಕನಿಷ್ಠ ವಾರ್ಷಿಕ ಸಂಬಳ 8,40,000 ಡಾಲರ್ ನಿಜ. ಆದರೆ ಅದು ಪಟ್ಟಿಯಲ್ಲಿ ಉಳಿದವನಿಗೆ. ಕರಾರಿಗೆ ಸಹಿ ಹಾಕಿದ ಮಾತ್ರಕ್ಕೆ ಆ ಹಣ ಕೈಗೆ ಬಾರದು. ತಂಡಕ್ಕೆ ನಿನಗಿಂತ ಇನ್ನೊಬ್ಬ ಮೇಲು ಎನ್ನಿಸಿದರೆ ಸಾಕು, ಕರಾರು ರದ್ದು. ಅಭ್ಯಾಸ ತಂಡಕ್ಕೆ ಸೇರಿದರೆ ವಾರಕ್ಕೆ 13,000 ಡಾಲರ್, ಅದೂ ಮುಂದಿನ ವಾರ ಇರುತ್ತದೆಂಬ ಖಾತ್ರಿಯಿಲ್ಲ. ತಂಡಕ್ಕೆ 16ರಂತೆ ಅಂಥ ಜಾಗಗಳು 500 ಚಿಲ್ಲರೆ. ಹೊರಬಿದ್ದವರು 1,200ರ ಹತ್ತಿರ.

ಎರಡನೆಯದು, ಮಿತಿ ತೆಗೆದರೆ ತಂಡಗಳು ಗಟ್ಟಿಮುಟ್ಟಾದ ಆಟಗಾರರನ್ನೂ ಗಾಯದ ನೆಪದಲ್ಲಿ ಬಚ್ಚಿಟ್ಟುಕೊಳ್ಳುತ್ತವೆ ಎಂಬುದು. ಇದು ಹುರುಳಿರುವ ಆಕ್ಷೇಪ. ಹಿಂದೆ ಹಾಗೆ ಬಚ್ಚಿಟ್ಟವರಿದ್ದರು. ಆದರೆ ವಂಚನೆ ಮಾಡುವುದು ತಂಡ, ಶಿಕ್ಷೆ ಅನುಭವಿಸುವುದು ಆಟಗಾರ. ಇದು ಯಾವ ಊರಿನ ನ್ಯಾಯ? ತಲೆಗೆ ಪೆಟ್ಟು ಬಿದ್ದಾಗ ತಂಡದ ಮಾತನ್ನಷ್ಟೇ ನಂಬಬಾರದೆಂದು 2013ರಿಂದ ಪಂದ್ಯದ ಹೊತ್ತಿನಲ್ಲಿ ಸ್ವತಂತ್ರ ನರತಜ್ಞರನ್ನು ಮೈದಾನದ ಅಂಚಿನಲ್ಲಿ ನಿಲ್ಲಿಸುತ್ತಿದ್ದಾರೆ. ಅಂಥದ್ದೇ ಸ್ವತಂತ್ರ ವೈದ್ಯ ಕಡಿತದ ವಾರದಲ್ಲಿ ಮೊಣಕಾಲು, ತೊಡೆಗಳನ್ನೂ ನೋಡಲಿ. ಕಳ್ಳನಿಗೆ ಹೆದರಿ ಬಾಗಿಲೇ ಇಲ್ಲದ ಮನೆ ಕಟ್ಟಬೇಕಿಲ್ಲ.

ಮೂರನೆಯದು, ನಿಜವಾದ ಪ್ರತಿಭೆ ಹೇಗಾದರೂ ದಾರಿ ಮಾಡಿಕೊಳ್ಳುತ್ತದೆ ಎಂಬುದು. ಶಾರ್ಪ್, ವಾಕರ್ ಮಾಡಿಕೊಳ್ಳಲಿಲ್ಲವೇ ಎಂದು ನನ್ನ ಸಾಕ್ಷಿಗಳನ್ನೇ ನನ್ನ ಮೇಲೆ ತಿರುಗಿಸುತ್ತಾರೆ. ದಡ ಸೇರಿದವರನ್ನು ಎಣಿಸಿ ಹೊಳೆ ಆಳವಿಲ್ಲ ಎನ್ನುವ ವಾದ ಇದು. ಶ್ಯಾನನ್‌ನ ಅಣ್ಣ ಸ್ಟರ್ಲಿಂಗ್ ಶಾರ್ಪ್ 1988ರಲ್ಲಿ ಮೊದಲ ಸುತ್ತಿನಲ್ಲೇ ಆಯ್ಕೆಯಾದವನು. ಕತ್ತಿನ ಗಾಯದಿಂದ 1994ರ ನಂತರ ಒಂದು ಪಂದ್ಯವನ್ನೂ ಆಡಲಿಲ್ಲ. ಆದರೂ 2025ರಲ್ಲಿ ಅವನಿಗೆ ಹಾಲ್ ಆಫ್ ಫೇಮ್ ಸಿಕ್ಕಿತು, ಏಕೆಂದರೆ ಗಾಯಕ್ಕೆ ಮೊದಲು ಏಳು ವರ್ಷ ಆಡಿ ತೋರಿಸಿದ್ದ. ಅದೇ ಕತ್ತು ಮೊದಲ ಆಗಸ್ಟಿನಲ್ಲೇ ಉಳುಕಿದ್ದರೆ ಇಂದು ಅವನ ಹೆಸರು ಯಾರಿಗೆ ಗೊತ್ತಿರುತ್ತಿತ್ತು? ಹಾಗೆ ಗೊತ್ತಾಗದೇ ಹೋದವರ ಲೆಕ್ಕ ಯಾವ ದಾಖಲೆಯಲ್ಲೂ ಇಲ್ಲ.

ಆದ್ದರಿಂದ ಕೇಳಬೇಕಾದ್ದು ಮೂರು. ಶಿಬಿರದಲ್ಲಿ ಗಾಯಗೊಂಡ ಪ್ರತಿಯೊಬ್ಬನಿಗೂ, ಗುಣವಾದ ಮೇಲೆ ಅದೇ ವರ್ಷ ಮರಳುವ ಅವಕಾಶವಿರಲಿ. 2020ರಲ್ಲಿ ಮಿತಿಯಿಲ್ಲದೆಯೂ ಲೀಗ್ ನಡೆಯಿತು, ಆಕಾಶ ಕಳಚಿ ಬೀಳಲಿಲ್ಲ. ಇಬ್ಬಗೆಯ ಕರಾರು ಹೋಗಲಿ. ಗಾಯವಾದ ದಿನ ಸಂಬಳ ಇಳಿಯುವುದು ಯಾವ ಕಾರ್ಖಾನೆಯಲ್ಲಾದರೂ ಅವಮಾನ. ಗಾಯ ಎಷ್ಟು, ಯಾವಾಗ ಮಾಯುತ್ತದೆ ಎಂಬ ತೀರ್ಮಾನ ತಂಡದ ಸಂಬಳ ಪಡೆಯದ ವೈದ್ಯನದಾಗಲಿ. ಮಾಲೀಕರು ತಾವಾಗಿ ಇದನ್ನು ಕೊಡುವುದಿಲ್ಲ. ಆಟಗಾರರ ಸಂಘ ಕೇಳಬೇಕು. ಆದರೆ ಸಂಘದಲ್ಲಿ ದನಿ ಇರುವುದು ಪಟ್ಟಿಯಲ್ಲಿ ಉಳಿದವರಿಗೆ, ಆಗಸ್ಟಿನಲ್ಲೇ ಹೋದವನಿಗಲ್ಲ. ತೊಡಕು ಇರುವುದು ಅಲ್ಲೇ.

ನೋಡುಗರ ಪಾಲೂ ಇದರಲ್ಲಿದೆ. ಅಮೆರಿಕದಲ್ಲಿದ್ದು ಆಫೀಸಿನ ಫ್ಯಾಂಟಸಿ ಲೀಗಿಗೆ ಸೇರಿಕೊಂಡ ಕನ್ನಡಿಗರಿಗೆ ಇದು ಪರಿಚಿತವೇ. ಆ ಆಟದ ಪುಟದಲ್ಲೂ ಗಾಯಾಳುಗಳಿಗೊಂದು ಖಾನೆ ಇರುತ್ತದೆ. ತಾರೆಗೆ ಪೆಟ್ಟಾದರೆ ಅವನನ್ನು ಬೆರಳಲ್ಲಿ ಎಳೆದು ಆ ಖಾನೆಗೆ ಹಾಕಿ ಕಾಯುತ್ತೇವೆ, ಹೆಸರಿಲ್ಲದವನನ್ನು ಒಂದೇ ಒತ್ತಿಗೆ ಅಳಿಸುತ್ತೇವೆ. ಲೀಗಿನ ಮಾಲೀಕರ ಮನಸ್ಸು ನಮ್ಮ ಬೆರಳಿಗೂ ರೂಢಿಯಾಗಿದೆ. ಮುಂದಿನ ಆಗಸ್ಟಿನಲ್ಲಿ ಕಡಿತದ ಪಟ್ಟಿ ಬಂದಾಗ 53 ಹೆಸರುಗಳನ್ನು ಓದಿ ಮುಗಿಸಿದ ಮೇಲೆ ಕೆಳಗಿರುವ ಗಾಯಾಳುಗಳ ಸಾಲನ್ನೂ ಓದಿ. ಅಲ್ಲಿ ಮರಳುವ ಹಕ್ಕು ಸಿಕ್ಕವರು ಯಾರು, ಸಿಗದವರು ಯಾರು ಎಂದು ಬೇರೆಬೇರೆಯಾಗಿ ಎಣಿಸಿ ನೋಡಿ. ಆ ತಂಡ ಯಾರನ್ನು ಆಟಗಾರನೆಂದು, ಯಾರನ್ನು ಬರಿಯ ಸಂಖ್ಯೆಯೆಂದು ಎಣಿಸುತ್ತದೆ ಎಂಬುದು ಆ ಸಾಲಿನಲ್ಲೇ ಇರುತ್ತದೆ.